ಮಾಳಿಗಿಯ ಪದ

ಕಾಸರಗೋಡಿನ ಹಂಚಿನ ಮನೆಯವರಿಗೆ ನಮ್ಮ ಮಕ್ತಲ, ನಾರಾಯಣಪೇಟೆ ಕಡೆಯ ಮಾಳಿಗಿ ಗೊತ್ತಿರಲಾರದು. ತೊಲೆ, ಜಂತಿಗಳ ಮೇಲೆ ಮಣ್ಣು ಹಾಸಿದ ಸಪಾಟು ಛಾವಣಿ ಅದು. ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕದಿದ್ದರೆ ರಾತ್ರಿಯೆಲ್ಲ ಪಾತ್ರೆ ಇಡುವ ಕೆಲಸ. ಶಿಶುನಾಳ ಶರೀಫರ ಸೋರುವ ಮಾಳಿಗಿಯ ಪದವನ್ನು ಸಿ. ಅಶ್ವತ್ಥರ ಕಂಠದಲ್ಲಿ ಮೊದಲು ಕೇಳಿದಾಗ ನನಗೆ ಅಧ್ಯಾತ್ಮವೇನೂ ಹೊಳೆಯಲಿಲ್ಲ. ನಮ್ಮ ಮನೆಯ ಸುದ್ದಿಯೆಂದೇ ತಿಳಿದೆ.

ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಬಂದದ್ದು 1990ರಲ್ಲಿ. ನಮಗೆ ಕ್ಯಾಸೆಟ್ಟು ದಕ್ಕಿದ್ದು ಕೆಲ ವರ್ಷಗಳ ಮೇಲೆ, ಕೃಷ್ಣೆ ದಾಟಿ ರಾಯಚೂರಿಗೆ ಹೋದಾಗ. 1956ರಲ್ಲಿ ನಾವು ಹೊಳೆಯ ಈಚೆ ಉಳಿದವರು. ಶಾಲೆಯಲ್ಲಿ ತೆಲುಗು, ಬೀದಿಯಲ್ಲಿ ಚಿರಂಜೀವಿಯ ಹಾಡು, ಅಡುಗೆಮನೆಯಲ್ಲಿ ಕನ್ನಡ. ಪುಸ್ತಕದ ಕನ್ನಡ ನಮ್ಮ ಬಾಯಿಗೆ ಬಾರದು. ಶರೀಫರದು ಅವ್ವನ ಮಾತು. ‘ಮಾಳಿಗಿ’ ಎಂದರೆ ನಗುತ್ತಿದ್ದವರಿಗೆ ಉತ್ತರ ಆ ಕ್ಯಾಸೆಟ್ಟಿನಲ್ಲಿತ್ತು.

2008ರಲ್ಲಿ ರಘು ದೀಕ್ಷಿತರ ಮೊದಲ ಆಲ್ಬಮ್ ಬಂತು. ಸಿನಿಮಾದ ಹಂಗಿಲ್ಲದ ಹಾಡುಗಳು. ಅವುಗಳ ನಡುವೆ ಶರೀಫರ ಗುಡುಗುಡಿಯ ಪದ, ಗಿಟಾರಿನ ಜೊತೆ. ಆಗ ನಾನು ಗದ್ವಾಲದ ಬ್ಯಾಂಕಿನಲ್ಲಿ ಗುಮಾಸ್ತ. ಅವ್ವ ಕೇಳಿ, “ಭಜನಿಯವ್ರು ಹಾಡಿದಂಗಿಲ್ಲ, ಆದ್ರ ಪದ ನಮ್ದ ಐತಿ” ಎಂದಳು. ನನಗೆ ಈಗಲೂ ಅಶ್ವತ್ಥರೇ ಮೇಲು. 2009ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಇಡೀ ಶಾಖೆಯಲ್ಲಿ ಆ ಸುದ್ದಿ ಹೇಳಿಕೊಳ್ಳಲು ನನಗೆ ಒಬ್ಬರೂ ಇರಲಿಲ್ಲ.

ಮಗಳು ರಘು ಪಕ್ಷ. ಗುಡುಗುಡಿಯ ಪದವನ್ನು ಪೂರ್ತಿ ಹಾಡುತ್ತಾಳೆ, ತೆಲುಗು ಲಿಪಿಯಲ್ಲಿ ಬರೆದುಕೊಂಡು. ಈಗ ಭಾನುವಾರ ಅದನ್ನೇ ಕನ್ನಡದಲ್ಲಿ ಬರೆಸುತ್ತಿದ್ದೇನೆ. ಅಕ್ಷರಗಳು ಅಕ್ಕತಂಗಿಯರಂತಿವೆ, ತಲೆಕಟ್ಟಿನಲ್ಲಿ ಮಾತ್ರ ತಡವರಿಸುತ್ತಾಳೆ.