ಕೆರೆ ದಂಡೆಗೆ ಬೀಗ ಯಾಕೆ?

ಬೆಂಗಳೂರಿನ ಕೆರೆಗಳನ್ನು ಗುತ್ತಿಗೆಗೆ ಕೊಟ್ಟ ಕಾಲ ಎಷ್ಟು ಜನರಿಗೆ ನೆನಪಿದೆಯೋ! 2004ರ ನಂತರ ಹೆಬ್ಬಾಳ, ನಾಗವಾರ, ಅಗರ ಕೆರೆಗಳನ್ನು ಅಭಿವೃದ್ಧಿಯ ಹೆಸರಲ್ಲಿ ಖಾಸಗಿಯವರಿಗೆ ವಹಿಸಲು ಸರ್ಕಾರ ಹೊರಟಿತು. ನಾಗವಾರದಲ್ಲಂತೂ ದಂಡೆಗೆ ಹೋಗಲು ಟಿಕೆಟ್ಟು. ಇದರ ವಿರುದ್ಧ 2008ರಲ್ಲಿ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಸ್ಥೆ ಹೈಕೋರ್ಟಿನ ಮೆಟ್ಟಿಲೇರಿತು. ಕೆರೆ ಎಲ್ಲರ ಸ್ವತ್ತು, ಸರ್ಕಾರ ಅದರ ಕಾವಲುಗಾರ, ಒಡೆಯನಲ್ಲ ಎನ್ನುವುದೇ ಹೋರಾಟದ ತಿರುಳು. ಕೆರೆಗಳ ರಕ್ಷಣೆಗೆ ಹೈಕೋರ್ಟ್ 2012ರಲ್ಲಿ ನಿರ್ದೇಶನಗಳನ್ನೂ ಕೊಟ್ಟಿತು. ಆ ಜನ ಅಂದು ಸುಮ್ಮನಿದ್ದಿದ್ದರೆ ಇನ್ನೆಷ್ಟು ಕೆರೆಗಳು ಕೈತಪ್ಪುತ್ತಿದ್ದವೋ.

ಆದರೆ ಈಗ ಕೆರೆಗಳಿಗೆ ಬೇಲಿ ಹಾಕುತ್ತಿರುವವರಲ್ಲಿ ನಮ್ಮಂಥ ವಾಕಿಂಗ್ ಮಂದಿಯೂ ಇದ್ದೇವೆ. ಬೆಳಿಗ್ಗೆ ಬೂಟು ತೊಟ್ಟು ಬರುವವರಿಗೆ ಗೇಟು ತೆರೆದಿರುತ್ತದೆ. ಬಿಸಿಲೇರಿದ ಮೇಲೆ ಕುಡುಗೋಲು, ಹಳೇ ಸೀರೆಯ ತುಂಡು ಹಿಡಿದು ಹಸುವಿಗೆ ಹುಲ್ಲು ಕೊಯ್ಯಲು ಬರುವ ಅಮ್ಮನಿಗೆ ಬೀಗ. ಬಲೆ ಬೀಸುವವರು, ದನದ ಮೈ ತೊಳೆಯುವವರು ಹೊರಗೆ. ಹೂಳೆತ್ತಿ, ಏರಿ ಕಟ್ಟಿ ಈ ಕೆರೆಗಳನ್ನು ತಲೆಮಾರುಗಳಿಂದ ಉಳಿಸಿಕೊಟ್ಟವರು ಇಂಥವರೇ ಅಲ್ಲವೇ?

ನಿಮ್ಮ ಬಡಾವಣೆಯ ಕೆರೆ ಸಭೆಯಲ್ಲಿ ಜಾಗಿಂಗ್ ಟ್ರ್ಯಾಕಿನ ಮಾತು ಬಂದಾಗ ದಯವಿಟ್ಟು ಕೇಳಿ: ಹುಲ್ಲು ಕೊಯ್ಯುವವರು ಯಾವ ಗೇಟಿನಿಂದ, ಎಷ್ಟು ಹೊತ್ತಿಗೆ ಒಳಗೆ ಬರಬೇಕು?