ಧಾತುವೊಂದು, ಅರ್ಥವೆರಡು

ಉಪಾಧ್ಯಾಯವೃತ್ತಿಯಿಂದ ನಿವೃತ್ತರಾದ ಬಳಿಕ ನಾವು ಕೈಗೊಂಡ ಉದ್ಯೋಗವೆಂದರೆ ರಸಾಯನಶಾಸ್ತ್ರವನ್ನೂ ಲೋಹಾದಿ ಪದಾರ್ಥಗಳನ್ನೂ ಕುರಿತು ಪತ್ರಿಕೆಗಳಿಗೆ ಬರೆಯುವುದು. ಯಾವ ಪತ್ರಿಕೆಗೂ ನಾವು ನೌಕರರಲ್ಲ. ಅಚ್ಚಾದುದಕ್ಕೆ ಸಂಭಾವನೆ, ಆಗದುದಕ್ಕೆ ಮೌನ. ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿ ತೋರಿದ ದಾರಿಯಲ್ಲಿ ನಮ್ಮದೂ ನಾಲ್ಕು ಹೆಜ್ಜೆಯೆಂದು ಹೆಮ್ಮೆಪಡುತ್ತಿದ್ದೆವು.

ನಮ್ಮ ಮನೆಯಿರುವುದು ಬೆಂಗಳೂರಿನ ಪೀಣ್ಯದ ಬಳಿ. ಲೋಹದ ಬಿಡಿಭಾಗಗಳಿಗೆ ಕ್ರೋಮಿಯಂ ಲೇಪ ಕೊಡುವ ಸಣ್ಣ ಕಾರ್ಖಾನೆಗಳು ಇಲ್ಲುಂಟು. ಕ್ರೋಮಿಕ್ ಆಮ್ಲದ ತೊಟ್ಟಿಯಲ್ಲಿ ಲೋಹವನ್ನು ಮುಳುಗಿಸಿ ವಿದ್ಯುತ್ತನ್ನು ಹರಿಸಿದರೆ ಹೊಳಪು ಮೂಡುವುದು. ತೊಳೆದ ನೀರನ್ನು ಶುದ್ಧಿಮಾಡದೆ ಬಿಟ್ಟರೆ ವಿಷವು ನೆಲಕ್ಕಿಳಿಯುವುದು. ಪೀಣ್ಯದ ಅಂತರ್ಜಲದಲ್ಲಿ ಅದು ಕಂಡುಬಂದುದೂ ಉಂಟು. ಈ ವಿಷಯವಾಗಿ ಲೇಖನವೊಂದನ್ನು ಬರೆದು, ‘ಕ್ರೋಮಿಯಂ ವಿಷ’ವೆಂದು ಸಾರಿದೆವು.

ಹತ್ತು ದಿನಗಳ ಮೇಲೆ ನೆರೆಮನೆಯ ತಾಯಿಯೊಬ್ಬರು ಬಂದರು. “ಮೇಷ್ಟ್ರೇ, ನೀವು ಬರೆದದ್ದನ್ನು ಓದಿ ಸ್ಟೀಲ್ ಪಾತ್ರೆಗಳನ್ನೆಲ್ಲ ಅಟ್ಟಕ್ಕೆ ಹಾಕಿದೆ. ಬೋರ್‌ವೆಲ್ ನೀರನ್ನೂ ಚೆನ್ನಾಗಿ ಕುದಿಸಿಯೇ ಮಗುವಿಗೆ ಕೊಡುತ್ತಿದ್ದೇನೆ” ಎಂದರು. ನಮ್ಮ ಎದೆ ಧಸಕ್ಕೆಂದಿತು.

ಸಂಸ್ಕೃತದಲ್ಲಿ ‘ಹೃ’ ಎಂಬ ಒಂದೇ ಧಾತು ಉಪಸರ್ಗಭೇದದಿಂದ ‘ಆಹಾರ’ವೂ ಆಗುವುದು, ‘ಸಂಹಾರ’ವೂ ಆಗುವುದು. ಮಕ್ಕಳಿಗೆ ಇದನ್ನು ಮೂವತ್ತು ವರ್ಷ ಹೇಳಿಕೊಟ್ಟವರು ನಾವು. ಲೋಹಕ್ಕೂ ಧಾತುವೆಂದೇ ಹೆಸರು. ಒಳ್ಳೆಯ ಪಾತ್ರೆಯ ಉಕ್ಕಿನಲ್ಲಿ ನೂರಕ್ಕೆ ಸುಮಾರು ೧೮ ಪಾಲಿರುವ ಕ್ರೋಮಿಯಂ ತೆಳುಪೊರೆಯನ್ನು ಕಟ್ಟಿ ತುಕ್ಕನ್ನು ತಡೆಯುವುದು. ತೊಟ್ಟಿಯದಾದರೋ ಶಾಸ್ತ್ರಜ್ಞರು ‘ಆರು ವೇಲೆನ್ಸಿ’ಯದೆನ್ನುವ ಬಗೆ, ನೀರಿನಲ್ಲಿ ಕರಗಿ ದೇಹವನ್ನು ಸೇರುವ ವಿಷ. ಆ ‘ಆರು’ ಎಂಬ ಉಪಸರ್ಗವನ್ನೇ ನಾವು ಬಿಟ್ಟಿದ್ದೆವು. ಕುದಿಸಿದರೆ ರೋಗಾಣುಗಳು ಸಾಯುವುವೇ ಹೊರತು ಕ್ರೋಮಿಯಂ ಹೋಗದು. ನೀರು ಆವಿಯಾದಷ್ಟೂ ಗಾಢವೇ ಆಗುವುದು. ಅದನ್ನೂ ಬರೆದಿರಲಿಲ್ಲ.

“ತಪ್ಪು ನಮ್ಮದು, ತಾಯೀ. ಪಾತ್ರೆಗಳನ್ನು ಇಳಿಸಿಕೊಳ್ಳಿ, ಪರೀಕ್ಷೆಯಾಗುವವರೆಗೆ ಆ ನೀರನ್ನು ಮಗುವಿಗೆ ಕೊಡಬೇಡಿ” ಎಂದು ಹೇಳಿ, ನೀರನ್ನು ನಾವೇ ಪ್ರಯೋಗಶಾಲೆಗೆ ಒಯ್ದೆವು. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ ೦.೦೫ ಮಿಲಿಗ್ರಾಂ ಮೀರಬಾರದು. ದೈವಕೃಪೆಯಿಂದ ಮೀರಿರಲಿಲ್ಲ. ಆದರೆ ಆ ಲೇಖನವನ್ನು ಓದಿದ ಮಿಕ್ಕ ಮನೆಗಳ ನೀರನ್ನು ಪರೀಕ್ಷಿಸಿದವರಾರು?

ಪತ್ರಿಕೆಯಲ್ಲಿ ನಮ್ಮ ತಿದ್ದುಪಡಿ ನಾಲ್ಕು ಸಾಲಾಗಿ ಅಚ್ಚಾಯಿತು. ಅದಕ್ಕೆ ಸಂಭಾವನೆಯಿಲ್ಲ; ನಾವು ಕೇಳಲೂ ಇಲ್ಲ. ಅಂದಿನಿಂದ ಯಾವ ಲೇಖನವನ್ನಾದರೂ ಕಳುಹಿಸುವ ಮುನ್ನ ಆ ತಾಯಿಗೆ ಓದಿ ಹೇಳಿ, “ಇದನ್ನು ಕೇಳಿ ನಾಳೆ ಅಡುಗೆಮನೆಯಲ್ಲಿ ಏನು ಮಾಡುವಿರಿ?” ಎಂದು ವಿಚಾರಿಸುತ್ತೇವೆ. ಅವರ ಉತ್ತರ ಸರಿಬಂದ ಮೇಲೆಯೇ ಲಕೋಟೆಗೆ ಅಂಟು.