ರಾತ್ರಿ ಪಾಳಿ

'ಟಲ್ಲಿ' ಬಂದಿದ್ದು 2018ರಲ್ಲಿ. ನಾನು ನೋಡಿದ್ದು ತೀರಾ ತಡವಾಗಿ, ಕಳೆದ ವಾರ. 'ಜುನೋ' ಮಾಡಿದ ಜೋಡಿಯೇ ಇದು: ನಿರ್ದೇಶನ ಜೇಸನ್ ರೈಟ್‌ಮನ್, ಬರೆದವಳು ಡಯಾಬ್ಲೊ ಕೋಡಿ. ಮುಂದೆ ಕಥೆಯ ಗುಟ್ಟು ಹೇಳಿಬಿಡುತ್ತೇನೆ, ನೋಡಬೇಕೆಂದಿರುವವರು ಇಲ್ಲೇ ನಿಲ್ಲಿ :)

ಮಾರ್ಲೋಗೆ (ಶಾರ್ಲೀಸ್ ಥೆರಾನ್) ಮೂರನೇ ಮಗು. ಗಂಡ ಡ್ರೂ ಕೆಟ್ಟವನೇನಲ್ಲ. ದುಡಿಯುತ್ತಾನೆ, ಮಕ್ಕಳ ಹೋಂವರ್ಕ್ ನೋಡುತ್ತಾನೆ, ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಗೇಮ್ ಆಡುತ್ತಾನೆ. ಇವಳಿಗೆ ರಾತ್ರಿಯೆಲ್ಲಾ ಹಾಲು, ಡಯಾಪರ್, ಅಳು, ಮತ್ತೆ ಹಾಲು... ಆಗ ಟಲ್ಲಿ ಎಂಬ ರಾತ್ರಿ ದಾದಿ ಬರುತ್ತಾಳೆ. ಮನೆ ಫಳಫಳ, ಮಗನ ಶಾಲೆಗೆ ಕಪ್‌ಕೇಕ್ ರೆಡಿ, ಮಾರ್ಲೋ ಮುಖದಲ್ಲಿ ನಗು.

ಕಡೆಗೆ ಕಾರು ನದಿಗೆ ಬಿದ್ದು ಆಸ್ಪತ್ರೆ ಸೇರಿದಾಗಲೇ ಗೊತ್ತಾಗುವುದು, ಆ ದಾದಿ ಇರಲೇ ಇಲ್ಲ! ಟಲ್ಲಿ ಎನ್ನುವುದು ಮಾರ್ಲೋಳ ತವರಿನ ಹೆಸರು. ರಾತ್ರಿಯೆಲ್ಲಾ ಎದ್ದು ಮನೆ ಒರೆಸಿದ್ದು, ಕಪ್‌ಕೇಕ್ ಮಾಡಿದ್ದು ಎಲ್ಲ ಅವಳೇ.

ನನ್ನನ್ನು ಕಾಡಿದ್ದು ಆ ತಿರುವಲ್ಲ. ಡ್ರೂ ಒಮ್ಮೆ ಎದ್ದು ಬಂದು ಆ ದಾದಿಯ ಮುಖ ನೋಡಿದ್ದರೆ ಸಾಕಿತ್ತು. ಮನೆ ಚೊಕ್ಕಟವಾಗಿದೆ, ಹೆಂಡತಿ ನಗುತ್ತಿದ್ದಾಳೆ, ಎಲ್ಲ ಸರಿಹೋಯಿತು ಅಂದುಕೊಂಡ. ಕಾಯಿಲೆಯ ಲಕ್ಷಣವೇ ಅವನ ಕಣ್ಣಿಗೆ ಅಚ್ಚುಕಟ್ಟು ಸಂಸಾರವಾಗಿ ಕಂಡಿತು.

ನಿದ್ದೆಗೆಟ್ಟು ದಣಿದಿದ್ದಾಳೆ ಎನ್ನುತ್ತಾರೆ ಡಾಕ್ಟರು. ಸಿನೆಮಾ ಕಾಯಿಲೆಯ ಹೆಸರು ಹೇಳಲಿಲ್ಲ ಎಂದು ಆಗಲೇ ಟೀಕೆ ಬಂದಿತ್ತು. ನಮ್ಮಲ್ಲಿ ಇಂಥದ್ದಕ್ಕೆ ಹಳೇ ಹೆಸರೇ ಇದೆ, ಬಾಣಂತಿ ಸನ್ನಿ. ಸಾವಿರ ಹೆರಿಗೆಗೆ ಒಂದೋ ಎರಡೋ, ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ. ನಿದ್ದೆಯೇ ಬೇಡವೆನ್ನಿಸುವುದು, ಅತಿ ಹುರುಪು, ಇಲ್ಲದ್ದು ಕಾಣುವುದು. ಗಾಳಿ ಮೆಟ್ಟಿದ್ದಲ್ಲ, ವಾಸಿಯಾಗುವ ಕಾಯಿಲೆ. ಆದರೆ ಒಂದು ದಿನವೂ ತಡಮಾಡುವಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಲ್ಲೇ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವ ವಿಭಾಗ ಶುರುವಾಯಿತು.

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಲು ಕಾರಣ ಇದೆ. ನನ್ನ ಹೆಂಡತಿಗೆ ಈಗ ಏಳು ತಿಂಗಳು. ಅತ್ತೆ ಬಾಣಂತನದ ಪಟ್ಟಿ ಬರೆದಿಟ್ಟಿದ್ದಾರೆ: ಅಂಟಿನುಂಡೆ, ಮೆಣಸಿನ ಸಾರು, ಸಾಂಬ್ರಾಣಿ, ಎಣ್ಣೆ ನೀರು, ತಲೆಗೆ ಕಟ್ಟುವ ಬಟ್ಟೆ. ನಿದ್ದೆಯ ಸುದ್ದಿ ಮಾತ್ರ ಅದರಲ್ಲಿಲ್ಲ. ಪ್ರೊಡಕ್ಷನ್ ಸರ್ವರ್ ಬಿದ್ದು ನಾನು ರಾತ್ರಿಯೆಲ್ಲಾ ಕೂತರೆ ಮಾರನೇ ದಿನ ರಜೆ. ವಾರಕ್ಕೊಮ್ಮೆ ಪಾಳಿಯೂ ಬದಲಾಗುತ್ತದೆ. ಬಾಣಂತಿಯ ಪಾಳಿ ಬದಲಿಸುವವರು ಯಾರು?

ಅದಕ್ಕೇ ಪಟ್ಟಿಯ ಕೊನೆಗೆ ಒಂದು ಸಾಲು ಸೇರಿಸಿದೆ: "ರಾತ್ರಿ 1ರಿಂದ 5, ಅಳಿಯನ ಪಾಳಿ." ಹಾಲು ಅವಳೇ ಕೊಡಬೇಕು ನಿಜ. ತೇಗಿಸುವುದು, ಬಟ್ಟೆ ಬದಲಿಸುವುದು, ಎತ್ತಿಕೊಂಡು ಓಡಾಡುವುದು ನನಗೆ ಬರಬಾರದೇ?

"ಅದೆಲ್ಲ ನಿಮ್ಮ ಕೈಲಾಗುತ್ತಾ ಅಳಿಯಂದ್ರೇ?" ಅಂತ ಅತ್ತೆ ನಕ್ಕರು. ಹೆಂಡತಿ ನಗಲಿಲ್ಲ. ಪಟ್ಟಿ ತೆಗೆದುಕೊಂಡು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು.

ಅಪ್ಪಂದಿರಾಗಿರುವ ಬ್ಲಾಗಿಗರೇ, ನಿಮ್ಮ ಮನೆಯಲ್ಲಿ ರಾತ್ರಿ ಪಾಳಿ ಯಾರದಿತ್ತು?